ಇಂಗಿನ ಡಬ್ಬಿಯಲ್ಲಿದ್ದ ರೋಲು

ಕುರ್ಚಿಯ ಫೋಟೋ, ಬಟ್ಟೆಯ ಫೋಟೋ ತೆಗೆಯುವುದರಲ್ಲಿ ಹೆದರುವಂಥದ್ದೇನಿದೆ ಎಂದು ಕೇಳುವವರು ಎಂಬತ್ತರ ದಶಕದಲ್ಲಿ ಸೌದಿಯ ಅಬ್ಕೈಕಿನಲ್ಲಿ ಸಂಸಾರ ಹೂಡಿದವರಲ್ಲ. ನನ್ನ ಗಂಡ ಅಲ್ಲಿಯ ತೈಲ ಸ್ಥಾವರದಲ್ಲಿ ಟೆಕ್ನಿಷಿಯನ್. ನಮ್ಮ ಬಾಡಿಗೆ ಮನೆಯ ಮಹಡಿಯಿಂದ ಸ್ಥಾವರದ ಬೇಲಿ ಕಾಣುತ್ತಿತ್ತು. ಆ ಕಡೆಗೆ ಕ್ಯಾಮೆರಾ ತಿರುಗಿಸಿದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ ಎಂದು ನಾನು ಬಂದ ವಾರವೇ ಅವರು ಹೇಳಿದ್ದರು. ಹೇಳಿದವರ ಮುಖವೇ ಬಿಳಿಚಿಕೊಂಡಿತ್ತು. ಹಾಗಾಗಿ ನನ್ನ ಕ್ಯಾಮೆರಾ ಹೊರಗೆ ಹೋಗುವುದಿದ್ದರೆ ಟವೆಲಿನಲ್ಲಿ ಸುತ್ತಿ, ತರಕಾರಿ ಚೀಲದ ತಳಕ್ಕೆ ಹಾಕಿ, ಮೇಲೆ ಕೊತ್ತಂಬರಿ ಸೊಪ್ಪು ಹರಡಿ ಒಯ್ಯುತ್ತಿದ್ದೆ.

ಕ್ಯಾಮೆರಾ ತವರಿನದು. ಉಡುಪಿಯ ಕಡೆ ನನ್ನ ತಂದೆಗೆ ಒಂದು ಸ್ಟುಡಿಯೋ ಇತ್ತು. ಬೇರೆ ಹೆಣ್ಣುಮಕ್ಕಳು ರಂಗೋಲಿ ಕಲಿಯುವ ವಯಸ್ಸಿನಲ್ಲಿ ನಾನು ಫಿಲ್ಮು ತೊಳೆಯುವುದು ಕಲಿತೆ. ಮದುವೆಯಾಗಿ ಸೌದಿಗೆ ಹೊರಟಾಗ ತಂದೆ ತಮ್ಮ ಹಳೆಯ ಕ್ಯಾಮೆರಾವನ್ನು ಕೈಗಿತ್ತು, ಬಿಡಬೇಡ ಎಂದರು. ಬಿಡದೆ ಇದ್ದುದರಿಂದಲೇ ಈ ಕತೆ.

ಅಲ್ಲಿ ಮದುವೆಗಳಲ್ಲಿ ಹೆಂಗಸರಿಗೆ ಬೇರೆಯೇ ಚಪ್ಪರ. ಅದರೊಳಗೆ ಗಂಡಸು ಫೋಟೋಗ್ರಾಫರು ಕಾಲಿಡುವಂತಿಲ್ಲ. ಫೋಟೋ ತೆಗೆಯಬಲ್ಲ ಹೆಂಗಸು ಒಬ್ಬಳು ಊರಲ್ಲಿದ್ದಾಳೆ ಎಂದು ಬಾಯಿಂದ ಬಾಯಿಗೆ ಹೋಗಿ, ಒಂದೆರಡು ಮದುವೆಗೆ ನನ್ನನ್ನು ಕರೆದರು. ಆಗ ನಾನೊಂದು ಕ್ರಮ ಇಟ್ಟುಕೊಂಡೆ. ಕಪ್ಪುಬಿಳುಪು ಫಿಲ್ಮು ಮಾತ್ರ ಹಾಕುವುದು, ನಮ್ಮ ಬಚ್ಚಲುಮನೆಯಲ್ಲಿ ನಾನೇ ತೊಳೆಯುವುದು, ನಾನೇ ಪ್ರಿಂಟು ಹಾಕುವುದು, ಪ್ರಿಂಟಿನ ಜೊತೆಗೆ ನೆಗೆಟಿವ್ವನ್ನೂ ಮನೆಯವರ ಕೈಗೇ ಕೊಟ್ಟುಬಿಡುವುದು. ಪರದೆಯಿಲ್ಲದ ಹೆಂಗಸರ ಮುಖ ಗಂಡಸರು ನಡೆಸುವ ಲ್ಯಾಬಿಗೆ ಹೋಗಬಾರದು. ಅಲ್ಲಿ ಹೆಂಗಸರು ನಡೆಸುವ ಲ್ಯಾಬು ಎಂಬುದೊಂದು ಇರಲಿಲ್ಲ.

ಅಂಥ ಒಂದು ಮದುವೆಯಲ್ಲಿ ಅವಳು ಸಿಕ್ಕಿದಳು. ಅಬ್ಕೈಕಿನ ಸೌದಿ ಮನೆತನದವಳೇ, ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಮದುಮಗಳ ಉಡುಪು ಅವಳೇ ಹೊಲಿದದ್ದು. ಹೊಲಿದದ್ದು ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ದರ್ಜಿ ಹೊಲಿಯುತ್ತಾನೆ, ನಾನು ಯೋಚಿಸುತ್ತೇನೆ ಎನ್ನುತ್ತಿದ್ದಳು. ಗಂಡಸರು ಹಬ್ಬಕ್ಕೆ ಹೊದೆಯುವ ಹಳೆಯ ನಿಲುವಂಗಿಗಳ ಜರಿಯಂಚನ್ನು ಬಿಡಿಸಿ ತೆಗೆದು ಹೆಂಗಸರ ಉಡುಪಿನ ತೋಳಿಗೆ ಕೂರಿಸುವುದು ಅವಳ ಕೈಚಳಕ. ಅಜ್ಜಂದಿರ ಜರಿ ಮೊಮ್ಮಗಳ ತೋಳಿಗೆ ಬಂದರೆ ಮುದುಕಿಯರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಪೇಟೆಯಲ್ಲಿ ಪ್ಯಾರಿಸ್ಸಿನ ಮಾದರಿ ಎಂದು ಮಾರುವ ಹೊಳೆಯುವ ಗೌನುಗಳನ್ನು ಕಂಡರೆ ಅವಳಿಗಾಗದು. ಮದುವೆ ಇರುವ ಮನೆಗಳಿಗೆ ಒಯ್ದು ತೋರಿಸಲು ಅವಳಿಗೊಂದು ಆಲ್ಬಮ್ ಬೇಕಿತ್ತು. ಹೆಂಗಸರು ಮಾತ್ರ ನೋಡುವ ಆಲ್ಬಮ್.

ಅವಳ ಅಣ್ಣ ಕುರ್ಚಿ ಮಾಡುತ್ತಿದ್ದ. ಸರ್ಕಾರಿ ಕಚೇರಿಯ ಕೆಲಸ ಮುಗಿಸಿ ಬಂದು ಹಿತ್ತಿಲಿನ ಶೆಡ್ಡಿನಲ್ಲಿ, ಸಾಗುವಾನಿಯ ಚೌಕಟ್ಟಿಗೆ ಒಂಟೆಯ ಉಣ್ಣೆಯ ಪಟ್ಟಿ ನೇಯ್ದು, ನೆಲದ ಮೇಲೆ ಕೂತು ರೂಢಿಯಾದವರಿಗೆಂದು ತೀರಾ ತಗ್ಗಿನ ಕುರ್ಚಿಗಳನ್ನು ಮಾಡುತ್ತಿದ್ದ. ಕೂತರೆ ಏಳಲು ಮನಸ್ಸಾಗದಂಥವು. ಊರಿನವರಿಗೆ ಮಾತ್ರ ಬಂಗಾರದ ಬಣ್ಣದ ದೊಡ್ಡ ಸೋಫಾಗಳೇ ಬೇಕು. ಅವನಿಗೂ ಫೋಟೋ ಬೇಕಿತ್ತು, ಹತ್ತಿರದ ದೊಡ್ಡ ಪೇಟೆ ಖೋಬರಿನ ಅಂಗಡಿಗಳಿಗೆ ತೋರಿಸಲು.

ತಂಗಿಗೆ ಹೊಲಿಗೆಯ ಮೆಷಿನು ತಂದುಕೊಟ್ಟವನೂ ಆ ಅಣ್ಣನೇ. ಆದರೆ ಕೊಡುವಾಗ ಒಂದು ಮಾತು ಹೇಳಿದ್ದ. ಕೆಲಸ ಮನೆಯೊಳಗಿರಲಿ, ನಿನ್ನ ಬಗ್ಗೆ ಪೇಟೆಯಲ್ಲಿ ಒಂದು ಮಾತು ಕೇಳಿಬಂದರೂ ಮೆಷಿನು ಆವತ್ತೇ ವಾಪಸು. ಕೆಟ್ಟವನಲ್ಲ. ಅವನಿಗೆ ಚಿಕ್ಕಪ್ಪಂದಿರ ಹೆದರಿಕೆ, ಚಿಕ್ಕಪ್ಪಂದಿರಿಗೆ ನೆರೆಕರೆಯ ಹೆದರಿಕೆ. ನನ್ನ ಗಂಡನಿಗೆ ವೀಸಾ ಕೊಟ್ಟ ಧಣಿ ಕಫೀಲನ ಹೆದರಿಕೆ, ನನಗೆ ಎಲ್ಲರದ್ದೂ. ಅಲ್ಲಿ ಹೆದರಿಕೆ ಯಾರೊಬ್ಬರ ಸೊತ್ತಾಗಿರಲಿಲ್ಲ.

ಕುರ್ಚಿಗಳ ಫೋಟೋ ತೆಗೆದ ದಿನ ನೆನೆದರೆ ಈಗ ನಗು ಬರುತ್ತದೆ. ಅವನು ಕುರ್ಚಿಗಳನ್ನು ಅಂಗಳದಲ್ಲಿ ಇಟ್ಟು, ಗೇಟಿನ ಹೊರಗೆ ಹೋಗಿ ನಿಂತ. ಪರಸ್ತ್ರೀ ಕೆಲಸ ಮಾಡುವಲ್ಲಿ ಅವನು ಇರುವಂತಿಲ್ಲ. ಆದರೆ ಸುಮ್ಮನಿರಲಿಕ್ಕೂ ಆಗದು. ಕಾಲಿನ ಕೀಲು ಕಾಣಬೇಕು, ಬಿಸಿಲು ಹಿಂದಿನಿಂದ ಬರಲಿ ಎಂದು ಗೇಟಿನಾಚೆಯಿಂದ ಅರಬ್ಬಿಯಲ್ಲಿ ಕೂಗುವುದು, ತಂಗಿ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುವುದು. ಕಾಣದೆ ಇರುವವನು ಬಿಸಿಲಿನ ಬಗ್ಗೆ ಹೇಳುವುದನ್ನು ಕೇಳಿ ನನಗೆ ರೇಗಿತು. ಗೇಟಿಗೊಂದು ತೂತು ಕೊರೆಯಲು ಹೇಳು ಎಂದೆ. ಅವಳು ಅದನ್ನು ಮಾತ್ರ ಅನುವಾದಿಸಲಿಲ್ಲ.

ಅವನು ಕೆಲಸದ ಮೇಲೆ ಪೇಟೆಗೆ ಹೋದ ಮೇಲೆ ಉಡುಪುಗಳ ಸರದಿ. ಒಳಗಿನ ಕೋಣೆ, ಎತ್ತರದಲ್ಲೊಂದು ಕಿಟಕಿ, ಎದುರಿಗೆ ಬೆಳಕು ತಿರುಗಿಸಲು ಬಿಳಿ ಹಾಸುಬಟ್ಟೆ. ಹ್ಯಾಂಗರಿಗೆ ಹಾಕಿದರೆ ಉಡುಪು ಒಣಗಲು ಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕುರ್ಚಿಯ ಮೇಲೆ ಹರಡಿ ನೋಡಿದೆವು, ಅದೂ ಆಗಲಿಲ್ಲ. ಹಾಕಿಕೊಳ್ಳಲು ಅವಳ ಸೋದರತ್ತೆಯ ಹೆಣ್ಣುಮಕ್ಕಳಿಬ್ಬರನ್ನು ಕೇಳಿದ್ದಳಂತೆ. ಕ್ಯಾಮೆರಾ ಎಂದ ಕೂಡಲೇ ಇಬ್ಬರೂ ಕಿವಿ ಮುಚ್ಚಿಕೊಂಡಿದ್ದರು. ಕೊನೆಗೆ ಅವಳೇ ಒಳಗೆ ಹೋಗಿ ದಾಳಿಂಬೆ ಬಣ್ಣದ ಉಡುಪನ್ನು ಹಾಕಿಕೊಂಡು ಬಂದು, ಅಣ್ಣನ ತಗ್ಗು ಕುರ್ಚಿಯ ಪಕ್ಕದಲ್ಲಿ ನಿಂತಳು.

"ಬಣ್ಣದ ಫಿಲ್ಮು ಹಾಕು," ಎಂದಳು. "ಕಪ್ಪುಬಿಳುಪಿನಲ್ಲಿ ಈ ಕೆಂಪು ಇದ್ದಲು ಬಣ್ಣವಾಗುತ್ತದೆ."

ನಾನು ಆಗದು ಎಂದೆ. ಬಣ್ಣದ ಫಿಲ್ಮನ್ನು ಬಚ್ಚಲಿನಲ್ಲಿ ತೊಳೆಯಲು ನನಗೆ ಬಾರದು, ಅದಕ್ಕೆ ಯಂತ್ರ ಬೇಕು, ಯಂತ್ರವಿರುವುದು ಗಂಡಸರ ಲ್ಯಾಬಿನಲ್ಲಿ. ಅವಳು ಬಿಡಲಿಲ್ಲ. ನೀನು ರಜೆಗೆ ಊರಿಗೆ ಹೋಗುತ್ತೀಯಲ್ಲ, ಅಲ್ಲಿ ಮಾಡಿಸಿಕೊಂಡು ಬಾ ಎಂದಳು. ಊರಿನಲ್ಲಿ ತಂದೆಯ ಪರಿಚಯದ ಬಣ್ಣದ ಲ್ಯಾಬು ಇತ್ತು, ಪಕ್ಕದಲ್ಲೇ ನಿಂತು ಮಾಡಿಸಬಹುದು. ಅಲ್ಲಿ ಅವಳನ್ನು ಯಾರು ಗುರುತಿಸುತ್ತಾರೆ? ನನಗೂ ಒಳಗೊಳಗೆ ಆಸೆ. ಆ ಕೆಂಪು ಅಷ್ಟು ಚೆನ್ನಾಗಿತ್ತು.

ತೆಗೆದೆ. ಕುರ್ಚಿಗೆಂದು ತಂದದ್ದರಲ್ಲಿ ಇನ್ನೊಂದು ಬಣ್ಣದ ರೋಲು ಉಳಿದಿತ್ತು. ಹೊರಗೆ ಕಾರಿನ ಸದ್ದಾದಾಗಲೆಲ್ಲ ನಾನು ಕ್ಯಾಮೆರಾವನ್ನು ಹಾಸುಬಟ್ಟೆಯ ಅಡಿಗೆ ತುರುಕುತ್ತಿದ್ದೆ.

ಆ ಬಿಸಿಲಿಗೆ ಫಿಲ್ಮು ಕೆಡದಿರಲೆಂದು ರೋಲುಗಳನ್ನು ಫ್ರಿಜ್ಜಿನಲ್ಲಿ ಇಡುವುದು ನನ್ನ ರೂಢಿ. ಫಿಲ್ಮಿನ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳನ್ನು ನಮ್ಮವರು ಯಾರೂ ಬಿಸಾಡುತ್ತಿರಲಿಲ್ಲ. ಸಾಸಿವೆಗೆ, ಲವಂಗಕ್ಕೆ, ಕರ್ಪೂರಕ್ಕೆ ಅದಕ್ಕಿಂತ ಒಳ್ಳೆಯ ಡಬ್ಬಿಯಿಲ್ಲ. ನಮ್ಮ ಅಡುಗೆಮನೆಯಲ್ಲಿ ಅವು ಸಾಲಾಗಿ ಕೂತಿದ್ದವು, ಮುಚ್ಚಳದ ಮೇಲೆ ಕನ್ನಡದಲ್ಲಿ ಹೆಸರು ಬರೆದ ಚೀಟಿ. ಕುರ್ಚಿಯ ರೋಲನ್ನು ಮರುದಿನವೇ ಗಂಡ ಖೋಬರಿನ ಲ್ಯಾಬಿಗೆ ಒಯ್ದು ಪ್ರಿಂಟು ಮಾಡಿಸಿಕೊಂಡು ಬಂದರು. ಇನ್ನೊಂದನ್ನು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಇಂಗು ಎಂದು ಬರೆದು ಅಂಟಿಸಿ, ಫ್ರಿಜ್ಜಿನ ಮೂಲೆಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿಯ ಹಿಂದೆ ಇಟ್ಟೆ. ಇಂಗಿನ ಡಬ್ಬಿಯನ್ನು ಯಾರು ತೆರೆಯುತ್ತಾರೆ ಎಂಬುದು ನನ್ನ ಬುದ್ಧಿವಂತಿಕೆ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ನಮ್ಮವರ ಸ್ವಭಾವವನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಗುರುವಾರ, ವಾರದ ರಜೆಯ ದಿನ, ಗಂಡ ಖೋಬರಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬಂದರು. ಅಲ್ಲಿ ಅವರಿಗೆ ಕಾರ್ಕಳದ ಕಡೆಯ ಒಬ್ಬ ಗೆಳೆಯ. ಬ್ಯಾಚುಲರುಗಳ ರೂಮಿನಲ್ಲಿದ್ದುಕೊಂಡು ಎಲ್ಲರಿಗೂ ಸಾರು ಮಾಡಿ ಹಾಕುವವನು. ಊಟಕ್ಕೆ ಕೂತಾಗ ಗಂಡ ದೊಡ್ಡ ಉಪಕಾರ ಮಾಡಿದವರ ಧಾಟಿಯಲ್ಲಿ ಹೇಳಿದರು.

"ಪಾಪ, ಅವನ ಹತ್ರ ಇಂಗು ಮುಗಿದಿದೆ ಅಂತ ಹೋದ ವಾರವೇ ಹೇಳಿದ್ದ. ಫ್ರಿಜ್ಜಲ್ಲಿ ಇನ್ನೊಂದು ಡಬ್ಬಿ ಇತ್ತಲ್ಲ, ಅದನ್ನು ಕೊಟ್ಟು ಬಂದೆ."

ಎದ್ದು ಹೋಗಿ ಫ್ರಿಜ್ಜು ತೆರೆದೆ. ಉಪ್ಪಿನಕಾಯಿಯ ಭರಣಿ ಇತ್ತು, ಹಿಂದೆ ಏನೂ ಇರಲಿಲ್ಲ.

"ಎಂತ ಆಯ್ತು ಮಾರಾಯ್ತಿ? ಇಂಗಿಗೆ ಇಷ್ಟು ಬೇಜಾರಾ?"

ನಾನು ಹೇಳಿದೆ. ಅದರೊಳಗೆ ಎಂಥ ರೋಲಿತ್ತು, ಯಾರ ಮುಖವಿತ್ತು ಎಂದು ಹೇಳಿ ಮುಗಿಸುವಷ್ಟರಲ್ಲಿ ಗಂಡ ಕೈ ತೊಳೆದಾಗಿತ್ತು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು.

ನಮಗೆ ಫೋನಿರಲಿಲ್ಲ. ಕೆಳಗಿನ ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ ಇತ್ತು. ಹಾಲು, ಖುಬ್ಬೂಸ್ ರೊಟ್ಟಿ ಕೊಳ್ಳಲು ಬಂದವರ ನಡುವೆ ನಿಂತು ಗಂಡ ಗೆಳೆಯನ ರೂಮಿಗೆ ಫೋನು ಮಾಡಿದರು. ನಾನು ಕಿವಿ ಹತ್ತಿರ ಒಯ್ದೆ. ಆ ಕಡೆಯ ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

"ಹೋ, ಅದಾ? ಇಂಗಲ್ಲ ಮಾರಾಯ, ಫಿಲಮು ಇತ್ತು ಅದರಲ್ಲಿ. ಅತ್ತಿಗೆಗೆ ಡಬ್ಬಿ ತಪ್ಪಿದ್ದು. ನೀವು ಪುನಃ ಅಲ್ಲಿಂದ ಬರುವುದು ಯಾಕೆ ಅಂತ ನಾನೇ ಲ್ಯಾಬಿಗೆ ಕೊಟ್ಟಾಯ್ತು. ನಿಮ್ಮ ಹೆಸರೇ ಬರೆಸಿದ್ದೇನೆ. ನಾಳೆ ಸಂಜೆ ಅಸರ್ ನಮಾಜಾದ ಮೇಲೆ ಸಿಗ್ತದಂತೆ."

ಅವನನ್ನು ಬಯ್ಯುವುದು ಹೇಗೆ? ಒಳ್ಳೆಯತನದಿಂದಲೇ ಮಾಡಿದ್ದು. ಲ್ಯಾಬಿನ ನಂಬರು ಅವನಲ್ಲಿರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಗಂಡ ಫೋನು ಇಟ್ಟು, ಈಗಲೇ ಹೊರಡುವ ಎಂದರು. ಹೊರಟೆವು. ದಾರಿಯ ತಪಾಸಣೆ ಠಾಣೆಯಲ್ಲಿ ಸಿಪಾಯಿ ವಾಸದ ಪರವಾನಗಿ ಇಕಾಮಾ ಕೇಳಿದ. ದಿನಾ ಕೇಳುವಂಥದ್ದೇ. ಆವತ್ತು ಅದು ನಮಗಾಗಿಯೇ ನಿಲ್ಲಿಸಿದ ಹಾಗಿತ್ತು. ಅವನು ಫೋಟೋ ನೋಡಿ ಗಂಡನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಯಲ್ಲಾ, ಹೊರಡಿ ಎಂದು ಕೈಬೀಸಿದ ಮೇಲೂ ಗಂಡ ಗೇರು ಹಾಕಲು ಮರೆತು ಕೂತಿದ್ದರು.

ಲ್ಯಾಬಿನ ಬಾಗಿಲು ಹಾಕಿತ್ತು. ಗುರುವಾರ ಮಧ್ಯಾಹ್ನದ ಮೇಲೆ ಮುಚ್ಚಿ ಯಂತ್ರ ಶುಚಿ ಮಾಡುತ್ತಾರಂತೆ, ಪಕ್ಕದ ವಾಚಿನ ಅಂಗಡಿಯವನು ಹೇಳಿದ. ಗಾಜಿನೊಳಗೆ ಮಾದರಿಗೆಂದು ದೊಡ್ಡ ಪ್ರಿಂಟುಗಳನ್ನು ಅಂಟಿಸಿದ್ದರು. ಹಡಗು, ಗಿಳಿ, ಕೇಕಿನ ಎದುರು ಒಂದು ಮಗು. ಚೆನ್ನಾಗಿ ಬಂದ ಬಣ್ಣದ ಫೋಟೋಗಳನ್ನು ಅಲ್ಲಿ ಅಂಟಿಸುವುದು ಅವರ ಕ್ರಮ. ದಾಳಿಂಬೆ ಬಣ್ಣ ಎಷ್ಟು ಚೆನ್ನಾಗಿ ಬರಬಹುದೆಂದು ನನಗೆ ಗೊತ್ತಿತ್ತು. ನನ್ನ ಕೆಲಸ ಕೆಟ್ಟಿರಲಿ, ಮಸುಕಾಗಿರಲಿ, ಎಲ್ಲವೂ ಕಪ್ಪಾಗಿರಲಿ ಎಂದು ಆ ಗಾಜಿನೆದುರು ನಿಂತು ಬೇಡಿಕೊಂಡೆ. ಫೋಟೋಗ್ರಾಫರನ ಮಗಳು ಇಂಥದ್ದನ್ನು ಬೇಡಿಕೊಳ್ಳುತ್ತೇನೆಂದು ಎಣಿಸಿರಲಿಲ್ಲ.

ಮರುದಿನದವರೆಗೆ ಹೇಗೆ ಕಳೆದೆವೋ. ಲ್ಯಾಬಿನವನು ಮುಖ ನೋಡಿ ಗೆಳೆಯರಿಗೆ ತೋರಿಸಬಹುದು. ಅವನ ಕಫೀಲ್ ನೋಡಬಹುದು, ಇವಳು ಇಂಥವರ ಮನೆಯವಳಲ್ಲವೇ ಎಂದು ಕೇಳಬಹುದು. ನಮ್ಮನ್ನು ವಿಮಾನ ಹತ್ತಿಸುತ್ತಾರೆ, ಅಷ್ಟೇ ತಾನೆ ಎಂದು ಗಂಡ ಧೈರ್ಯ ಹೇಳಲು ನೋಡಿದರು. ನಮಗೆ ವಿಮಾನವಿತ್ತು. ಅವಳು ಎಲ್ಲಿಗೆ ಹೋಗಬೇಕು? ಮೆಷಿನು ಹೋಗುತ್ತದೆ, ಟೀಚರ್ ಕೆಲಸ ಹೋಗುತ್ತದೆ, ಅವಳಿಗೆ ಮತ್ತೆ ಆ ಕೋಣೆಯ ಎತ್ತರದ ಕಿಟಕಿ ಮಾತ್ರ. ನಾನು ಅವಳಿಗೆ ಹೇಳಿಕಳಿಸಲೂ ಇಲ್ಲ. ಹೇಳಿ ಅವಳ ಒಂದು ದಿನವನ್ನೂ ಕೆಡಿಸುವುದೇಕೆ ಎಂದುಕೊಂಡೆ.

ಶುಕ್ರವಾರ ಅಸರ್ ನಮಾಜು ಮುಗಿದು ಅಂಗಡಿಗಳ ಶಟರು ಏಳುವಾಗ ನಾವು ಲ್ಯಾಬಿನೆದುರು ಕಾರಿನಲ್ಲಿದ್ದೆವು. ಗಂಡ ಇಳಿಯಲು ಬಾಗಿಲು ತೆರೆದರು, ಕಾಲು ಕೆಳಗಿಡಲಿಲ್ಲ. ನನಗೆ ರೇಗಿತು. ಕರಿಯ ಅಬಾಯಾ ಮೈಮೇಲೆ ಎಳೆದುಕೊಂಡು ನಾನೇ ಇಳಿದೆ. ಅವರು ಹಿಂದೆಯೇ ಓಡಿಬಂದರು.

ಕೌಂಟರಿನಲ್ಲಿದ್ದವನು ಮಂಜೇಶ್ವರದ ಕಡೆಯವನು. ರಸೀದಿಯ ಹೆಸರು ಹೇಳಿದೊಡನೆ ಅವನ ಮುಖದ ಬಣ್ಣ ಬದಲಾಯಿತು. ನಮ್ಮ ಮಾತಿನ ರಾಗ ಗುರುತಿಸಿ ಕನ್ನಡಕ್ಕೆ ತಿರುಗಿದ. ಬಾಗಿಲ ಕಡೆ ನೋಡಿ, ಕೌಂಟರಿನ ಅಡಿಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಲಕೋಟೆಯನ್ನು ತೆಗೆದು ನೇರವಾಗಿ ನನ್ನ ಚೀಲಕ್ಕೆ ಹಾಕಿದ.

"ಇಲ್ಲಿ ತೆರೀಬೇಡಿ ಅಕ್ಕ. ಇದು ಯಾರು ಅಂತ ನನಗೆ ಹೇಳ್ಲಿಕ್ಕೂ ಬೇಡಿ."

"ಎಷ್ಟು ಜನ ನೋಡಿದ್ದಾರೆ?" ಎಂದೆ.

"ಯಾರೂ ಇಲ್ಲ. ರೋಲು ತೊಳೆದು ಬರುವಾಗ ನಾನೊಬ್ಬನೇ ಇದ್ದದ್ದು. ನೆಗೆಟಿವ್ ಎತ್ತಿ ಹಿಡಿದು ನೋಡಿದೆ, ಹೆಂಗಸು ಅಂತ ಗೊತ್ತಾಯ್ತು. ಮಿಷನಿಗೆ ಹಾಕಿದ್ರೆ ಪ್ರಿಂಟು ಹೊರಗೆ ಬೀಳುವಲ್ಲಿ ಯಾರಾದ್ರೂ ನಿಂತಿರ್ತಾರೆ. ಕಫೀಲ್ ದಿನಾ ಬಂದು ಪ್ರಿಂಟು ತಿರುವಿ ನೋಡುವವನು. ರಸೀದಿ ಬರೆದು ಕೊಟ್ಟಾಗಿದೆ, ಪ್ರಿಂಟು ಇಲ್ಲ ಅಂದ್ರೆ ಅದಕ್ಕೂ ಪ್ರಶ್ನೆ. ಅದಕ್ಕೆ," ಎಂದು ನಿಲ್ಲಿಸಿ, ಗಂಡನ ಮುಖ ನೋಡಿದ. "ಬ್ಲೇಡಲ್ಲಿ ಮುಖ ಕೆರೆದು ತೆಗೆದೆ. ಎಲ್ಲದ್ದೂ. ಆಮೇಲೆ ಪ್ರಿಂಟು ಹಾಕಿದ್ದು. ನಿಮಗೆ ಸಿಟ್ಟು ಬರಬಹುದು. ನನಗೆ ಊರಲ್ಲಿ ಮೂವರು ತಂಗಿಯರುಂಟು."

ಸಿಟ್ಟೇ? ಅವನ ಕಾಲಿಗೆ ಬೀಳಬೇಕು ಎನಿಸಿತು. ಅಷ್ಟರಲ್ಲಿ ಬಿಳಿ ನಿಲುವಂಗಿಯ ಒಬ್ಬರು ಒಳಗೆ ಬಂದರು. ಲ್ಯಾಬಿನವನು ದನಿ ಬದಲಿಸಿ, ಪಾಸ್‌ಪೋರ್ಟ್ ಸೈಜು ಸೋಮವಾರ ಎಂದು ಹಿಂದಿಯಲ್ಲಿ ಜೋರಾಗಿ ಹೇಳಿದ. ನಾವು ಶುಕ್ರಿಯಾ ಎಂದು ಹೊರಬಿದ್ದೆವು. ಬಂದವರು ಅವನ ಕಫೀಲೋ, ಬರಿಯ ಗಿರಾಕಿಯೋ, ನನಗೆ ಇಂದಿಗೂ ಗೊತ್ತಿಲ್ಲ.

ಪೇಟೆ ದಾಟಿದ ಮೇಲೆ ಲಕೋಟೆ ತೆರೆದೆ. ನೆಗೆಟಿವ್ವಿನಲ್ಲಿ ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಪ್ರತಿಯೊಂದರಲ್ಲೂ ದಾಳಿಂಬೆ ಬಣ್ಣದ ರೇಷ್ಮೆ, ತೋಳಿನಲ್ಲಿ ಹಳೆಯ ಜರಿ, ಪಕ್ಕದಲ್ಲಿ ತಗ್ಗು ಕುರ್ಚಿ, ಕತ್ತಿನ ಮೇಲೆ ಒಂದು ಕಪ್ಪು ಉಂಡೆ. ಗಂಡ ಒಂದು ಸಲ ಓರೆಗಣ್ಣಲ್ಲಿ ನೋಡಿ ರಸ್ತೆಗೆ ತಿರುಗಿದರು. ನಾನು ಅತ್ತುಬಿಟ್ಟೆ. ಬಿಡುಗಡೆಯಾದದ್ದಕ್ಕೆ ಅತ್ತದ್ದೆಂದು ಅವರು ತಿಳಿದರು. ಅರ್ಧ ಅದೂ ಹೌದು.

ಮರುದಿನ ಅವಳು ಶಾಲೆಯಿಂದ ಬರುವ ಹೊತ್ತಿಗೆ ಹೋದೆ. ಡಬ್ಬಿಯಿಂದ ಬ್ಲೇಡಿನವರೆಗೆ ಎಲ್ಲವನ್ನೂ ಹೇಳಿದೆ. ಅವಳು ಮಧ್ಯೆ ಒಂದೇ ಸಲ ಎದ್ದು ಕೋಣೆಯ ಬಾಗಿಲಿನ ಚಿಲಕ ಹಾಕಿ ಬಂದಳು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ಪ್ರಿಂಟುಗಳನ್ನು ಚಾಪೆಯ ಮೇಲೆ ಹರಡಿದಳು. ಮೊದಲು ಜರಿ ನೋಡಿದಳು, ಹೊಲಿಗೆ ನೋಡಿದಳು. ಕತ್ತಿನ ಪಟ್ಟಿಗೆ ಬ್ಲೇಡು ತಾಗಿದೆಯೇ ಎಂದು ಬೆರಳಿಟ್ಟು ನೋಡಿದಳು. ತಾಗಿರಲಿಲ್ಲ.

"ಆ ಲ್ಯಾಬಿನವನು ನನ್ನನ್ನು ನೋಡಿದನೇ?" ಎಂದು ಕೇಳಿದಳು.

ಕೆರೆಯಬೇಕಾದರೆ ನೋಡಲೇಬೇಕಲ್ಲ. ನಾನು ಚೀಲದಲ್ಲಿ ತಂದಿದ್ದ ನಮ್ಮ ಮನೆಯದೇ ಕಪ್ಪುಬಿಳುಪಿನ ಒಂದು ನೆಗೆಟಿವ್ ತುಂಡನ್ನು ಕಿಟಕಿಗೆ ಹಿಡಿದು ತೋರಿಸಿದೆ. ನೆಗೆಟಿವ್ವಿನಲ್ಲಿ ಎಲ್ಲವೂ ತಿರುವುಮುರುವು, ಕೂದಲು ಬಿಳಿ, ಹಲ್ಲು ಕಪ್ಪು, ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ ಎಂದೆ. ಅವಳು ಆ ತುಂಡನ್ನು ಬಹಳ ಹೊತ್ತು ನೋಡಿದಳು. ಬಿಗಿದಿದ್ದ ಅವಳ ಭುಜ ಸ್ವಲ್ಪ ಸಡಿಲಾಯಿತು.

"ಹಾಗಾದರೆ ಇದನ್ನು ಎಲ್ಲಿ ಬೇಕಾದರೂ ತೋರಿಸಬಹುದು," ಎಂದಳು. "ಅಣ್ಣನಿಗೂ."

ತೋರಿಸಬಹುದು ಎಂದೆ.

"ಆ ಮುಖ ನೋಡಿದವಳು ಎಂದರೆ ನೀನೊಬ್ಬಳೇ."

ಹೌದು ಎಂದೆ.

ಅವಳು ಪ್ರಿಂಟುಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸುತ್ತ ತಲೆಯೆತ್ತದೆ ಕೇಳಿದಳು. "ನಾನು ಹೆದರಿದವಳ ಹಾಗೆ ಕಾಣುತ್ತಿದ್ದೆನಾ?"

ಸಮಾಧಾನಕ್ಕೆ ಏನಾದರೂ ಹೇಳಿಬಿಡಬಹುದಿತ್ತು. ನಾನು ಕಣ್ಣುಮುಚ್ಚಿ ನೆನೆದೆ. ಮೊದಲಿಗೆ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು, ಕೈ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಜರಿ ಬೆಳಕಿಗೆ ಬರಲೆಂದು ತೋಳು ತಿರುಗಿಸುವುದರಲ್ಲಿ ಬಾಗಿಲು ಮರೆತಿದ್ದಳು. ಕಾರಿನ ಸದ್ದಿಗೆ ಬೆಚ್ಚಿದವಳು ನಾನು. ಕ್ಯಾಮೆರಾ ಮುಚ್ಚಿಡುವ ನನ್ನ ಅವಸರ ನೋಡಿ ಅವಳಿಗೆ ನಗು ಬಂದಿತ್ತು. ಆ ನಗು ನಿಲ್ಲುವ ಮೊದಲೇ ಕೊನೆಯದನ್ನು ತೆಗೆದಿದ್ದೆ. ಹಾಗೆಯೇ ಹೇಳಿದೆ. ಮೊದಲಿಗೆ ನೀನು ಹೆದರಿದ್ದೆ, ಕೊನೆಯದರಲ್ಲಿ ನಗುತ್ತಿದ್ದೆ, ನೇರ ನನ್ನ ಕಡೆಗೆ ನೋಡಿ.

ಅವಳು ಒಟ್ಟುಮಾಡಿದ್ದನ್ನು ಬಿಡಿಸಿ ಆ ಕೊನೆಯದನ್ನು ಹುಡುಕಿ ತೆಗೆದಳು. ಕಪ್ಪು ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು, ಒಮ್ಮೆ, ಮತ್ತೊಮ್ಮೆ.

"ಅದೊಂದನ್ನು ನೋಡಬೇಕೆಂದಿದ್ದೆ," ಎಂದಳು.